ಕಾಲೇಜಿನ ಬಾಯಿಗೆ ಬೀಗ: ಕೀಲಿಕೈ ಯಾರ ಕಿಸೆಯಲ್ಲಿ?

ಕಾಲೇಜಿನಲ್ಲಿ ಯಾರು ಭಾಷಣ ಮಾಡಿದರೇನು, ಯಾರ ಭಾಷಣ ರದ್ದಾದರೇನು, ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನಿಗೂ ಬಜಾರಿನಲ್ಲಿ ತಕ್ಕಡಿ ಹಿಡಿದು ಕುಳಿತವನಿಗೂ ಅದರಿಂದ ಆಗಬೇಕಾದ್ದೇನು ಎಂದು ಕೇಳುವ ಬುದ್ಧಿವಂತರು ನಮ್ಮಲ್ಲಿಯೂ ಇದ್ದಾರೆ. ಅದು ಓದಿದವರ ಜಗಳ, ಹೊಟ್ಟೆ ತುಂಬಿದವರ ಜಗಳ ಎಂಬುದು ಅವರ ವಾದ. ಈ ವಾದದಿಂದ ಲಾಭ ಯಾರಿಗೆ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೇಡವಾದ ಮಾತನಾಡಿದವರನ್ನು ವೇದಿಕೆಯಿಂದ ಇಳಿಸುವುದಕ್ಕೆ, ಕೆಲಸದಿಂದ ತೆಗೆಸುವುದಕ್ಕೆ 'ಕ್ಯಾನ್ಸಲ್ ಕಲ್ಚರ್' ಎಂದು ಹೆಸರಿಟ್ಟಿದ್ದಾರೆ. ಇದನ್ನು ಖಂಡಿಸಿ ವರ್ಷಗಟ್ಟಲೆ ಗಂಟಲು ಹರಿದುಕೊಂಡ ಅಲ್ಲಿನ ಬಲಪಂಥದವರೇ 2025ರಲ್ಲಿ ಅಧಿಕಾರಕ್ಕೆ ಬಂದು, ಪ್ಯಾಲೆಸ್ಟೈನಿನ ಪರ ದನಿಯೆತ್ತಿದ ಪರದೇಶದ ವಿದ್ಯಾರ್ಥಿಗಳನ್ನು ಹಿಡಿದು ಬಂಧನದಲ್ಲಿಟ್ಟರು. ಹೆಸರು ಹೊಸದು, ಸರಕು ಹಳೆಯದು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬಹಿಷ್ಕಾರ ಎನ್ನುತ್ತಾರೆ. ಅದನ್ನು ಹಾಕಿದವರು ಯಾರು, ಅನುಭವಿಸಿದವರು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ರಾಯಚೂರು ಜಿಲ್ಲೆಗಂತೂ ಈ ಪಾಠ ಹಳೆಯದು. 1948ರವರೆಗೆ ನಾವು ನಿಜಾಮನ ಪ್ರಜೆಗಳು. ಗಸ್ತಿ ನಿಶಾನ್ 53ರ ಪ್ರಕಾರ ಸರಕಾರದ ಅಪ್ಪಣೆಯಿಲ್ಲದೆ ನಾಲ್ಕು ಜನ ಸಭೆ ಸೇರುವಂತಿರಲಿಲ್ಲ. 1938ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹದಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ನೂರಾರು ಹುಡುಗರನ್ನು ಹೊರಹಾಕಿದರು. ಕಿಡಿ ಗುಲಬರ್ಗಾ ಕಾಲೇಜಿಗೂ ಹಾರಿತು. ಹೊರಬಿದ್ದವರನ್ನು ಸೇರಿಸಿಕೊಂಡದ್ದು ನಾಗಪುರ ವಿಶ್ವವಿದ್ಯಾಲಯ. ಅವರಲ್ಲೊಬ್ಬರಾದ ಪಿ.ವಿ. ನರಸಿಂಹರಾಯರು ಮುಂದೆ ದೇಶದ ಪ್ರಧಾನಿಯಾದರು. ಅಂದು ಆ ಹಾಡು ಹಾಡಿದರೆ ಹೊರಗೆ. ಇಂದು ಹಾಡದಿದ್ದರೆ ಹೊರಗೆ ಎನ್ನುವವರು ಹುಟ್ಟಿಕೊಂಡಿದ್ದಾರೆ. ದೊರೆ ಬದಲಾದನೇ ಹೊರತು ಬಾಗಿಲು ತೋರಿಸುವ ಬೆರಳು ಬದಲಾಗಲಿಲ್ಲ.

ನಿಜಾಮನನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಪ್ರಜಾರಾಜ್ಯದಲ್ಲಿ ಏನಾಯಿತು? 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸರ ಮಂತ್ರಿಮಂಡಲದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದುಬಿಟ್ಟರು. ಬೂಸಾ ಎಂದರೇನೆಂದು ಗಿರಣಿಯವರಿಗೂ, ಹಿಂಡಿ ಬೂಸಾ ಮಾರುವ ಅಂಗಡಿಯವರಿಗೂ ಪಂಡಿತರು ಬಂದು ಹೇಳಬೇಕೇ? ಕಾಳು ಧಣಿಗೆ, ಬೂಸಾ ದನಕ್ಕೆ. ದಲಿತನ ಪಾಲಿಗೆ ಈ ಸಾಹಿತ್ಯದಿಂದ ಕಾಳು ಎಷ್ಟು ಬಂತು ಎಂಬುದೇ ಆ ಮಾತಿನ ಒಳಗಿದ್ದ ಪ್ರಶ್ನೆ. ಕೇಳಿದವರು ದಂತಗೋಪುರದವರಲ್ಲ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟಿದ್ದ ಮಂತ್ರಿ. ಮಾತು ಒರಟಾಗಿತ್ತು. ವಚನಕಾರರನ್ನೂ ಅದೇ ಚೀಲಕ್ಕೆ ತುಂಬುವುದಾದರೆ ನಾವೂ ಒಪ್ಪುವವರಲ್ಲ. ಒಪ್ಪದವರು ಉತ್ತರ ಬರೆಯಬಹುದಿತ್ತು, ಕರಪತ್ರ ಹಂಚಬಹುದಿತ್ತು, ಕಪ್ಪು ಬಾವುಟ ಹಿಡಿಯಬಹುದಿತ್ತು, ಎದುರು ಸಭೆ ಕರೆದು ಎರಡು ತಾಸು ಬೈಯಬಹುದಿತ್ತು. ಅದೆಲ್ಲ ವಾಕ್ ಸ್ವಾತಂತ್ರ್ಯವೇ. ಆದರೆ ಆದದ್ದೇನು? ಮೇಲ್ಜಾತಿಯ ವಿದ್ಯಾರ್ಥಿಗಳು ಬೀದಿಗಿಳಿದರು, ಮಂತ್ರಿಯ ಪರ ಮಾತೆತ್ತಿದ ದಲಿತ ಹುಡುಗರು ಏಟು ತಿಂದರು, ಡಿಸೆಂಬರಿನಲ್ಲಿ ಬಸವಲಿಂಗಪ್ಪನವರು ರಾಜೀನಾಮೆ ಕೊಟ್ಟು ಮನೆಗೆ ಹೋದರು. ತಮಾಷೆಯೆಂದರೆ, ಯಾವ ಸಾಹಿತ್ಯದ ಮಾನ ಕಾಯುತ್ತೇವೆಂದು ಕೂಗೆದ್ದಿತೋ ಆ ಸಾಹಿತ್ಯದ ಹಿರಿಯರಾದ ಕುವೆಂಪು ಅವರೇ ಬಸವಲಿಂಗಪ್ಪನವರ ಪರ ನಿಂತರು. ಮುಚ್ಚಿಸಿದ ಮಾತು ಸಾಯಲೂ ಇಲ್ಲ. ಆ ಗಲಭೆಯ ಬಿಸಿಯಿಂದಲೇ ಮುಂದೆ ದಲಿತ ಸಂಘರ್ಷ ಸಮಿತಿ ಮೂಡಿತು.

1989ರಲ್ಲಿ ಧಾರವಾಡದ ಎಂ.ಎಂ. ಕಲಬುರ್ಗಿಯವರು 'ಮಾರ್ಗ'ದಲ್ಲಿ ಬರೆದದ್ದನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಅದೇ ಧಾರವಾಡದಲ್ಲಿ, ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು.

2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರ ಮಕ್ಕಳು ಪೌರತ್ವ ಕಾಯಿದೆಯ ಬಗ್ಗೆ ನಾಟಕ ಆಡಿದರು. ಮುಖ್ಯ ಶಿಕ್ಷಕಿಯನ್ನೂ ಒಂದು ಮಗುವಿನ ತಾಯಿಯನ್ನೂ ರಾಜದ್ರೋಹವೆಂದು ಜೈಲಿಗೆ ಹಾಕಿದರು, ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ವಿಚಾರಿಸಿದರು. ಹೈಕೋರ್ಟಿನ ಕಲಬುರಗಿ ಪೀಠ ಮೊಕದ್ದಮೆಯನ್ನು ರದ್ದು ಮಾಡಿದ್ದು 2023ರ ಜೂನಿನಲ್ಲಿ. ಅನ್ಯಾಯ ಎಂದು ನಮ್ಮ ಕಡೆಯವರೆಲ್ಲ ಕೂಗಿದರು, ಸರಿಯಾಗಿಯೇ ಕೂಗಿದರು.

ಅದೇ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಅಂಬೇಡ್ಕರರನ್ನೂ ಮೀಸಲಾತಿಯನ್ನೂ ಹೀಯಾಳಿಸುವ ಪ್ರಹಸನ ಆಡಿದರು. ಅದು ಹೊಲಸು ಪ್ರಹಸನ, ಅದರಲ್ಲಿ ಸಂಶಯವಿಲ್ಲ. ಹುಡುಗರನ್ನೂ ಪ್ರಾಂಶುಪಾಲರನ್ನೂ ಪೊಲೀಸರು ಬಂಧಿಸಿದಾಗ ನಮ್ಮ ಕಡೆಯ ಎಷ್ಟೋ ಜನ ಚಪ್ಪಾಳೆ ತಟ್ಟಿದರು. ಇಲ್ಲಿಯೇ ನಮ್ಮ ತಕರಾರು. ಬೀದರಿನ ನಾಟಕಕ್ಕೆ ಒಂದು ತೂಕದ ಕಲ್ಲು, ಬೆಂಗಳೂರಿನ ನಾಟಕಕ್ಕೆ ಇನ್ನೊಂದು ಕಲ್ಲು ಇಟ್ಟುಕೊಂಡರೆ ಗಿರಾಕಿ ನಂಬುತ್ತಾನೆಯೇ? ಆ ಹುಡುಗರನ್ನು ಕರೆಸಿ, ಅವರ ಮಾತಿನಿಂದ ನೊಂದ ಸಹಪಾಠಿಗಳ ಎದುರು ಕೂಡಿಸಿ ಉತ್ತರ ಕೇಳಿಸಬೇಕಾಗಿತ್ತು. ಜಾತಿಯ ಹೆಸರು ಹಿಡಿದು ಎದುರಿಗಿದ್ದವನನ್ನು ನಿಂದಿಸಿದರೆ, ಹೊಡೆದರೆ, ಬೆದರಿಸಿದರೆ ಅದು ಬೇರೆ. ಅದಕ್ಕೆ ಕಾನೂನು ಇದೆ, ಇರಲೇಬೇಕು. ಆದರೆ ಕೆಟ್ಟ ನಾಟಕಕ್ಕೆ ಪೊಲೀಸರನ್ನು ಕರೆಯುವ ಪದ್ಧತಿ ಒಮ್ಮೆ ಬೇರೂರಿದರೆ ಲಾಠಿ ಕೊನೆಗೆ ಯಾರ ಬೆನ್ನು ಹುಡುಕಿಕೊಂಡು ಬರುತ್ತದೆ? ಶ್ರೀಮಂತರ ಮಕ್ಕಳಿಗೆ ವಕೀಲರು ಸಿಗುತ್ತಾರೆ. ಆ ಮೊಕದ್ದಮೆಯನ್ನೂ ಹೈಕೋರ್ಟು ರದ್ದು ಮಾಡಿತು. ಮಸ್ಕಿಯ ಕೂಲಿಕಾರನ ಮಗ ಹೈಕೋರ್ಟಿನ ಮೆಟ್ಟಿಲು ಹತ್ತುವುದು ಯಾವ ದುಡ್ಡಿನಲ್ಲಿ?

ಇನ್ನು ಗದ್ದಲವಿಲ್ಲದೆ ಬಾಯಿ ಮುಚ್ಚಿಸುವ ಉಪಾಯದ ಮಾತು. ನಮ್ಮ ಸರಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವವರು ಹೆಚ್ಚಾಗಿ ಅತಿಥಿ ಉಪನ್ಯಾಸಕರು. ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರವನ್ನು ಮೀರಿದೆ. ಹೆಸರಿಗೆ ಅತಿಥಿ, ಪಾಡು ಹಮಾಲನದು. ಈ ವರ್ಷ ಕೆಲಸ ಉಂಟು, ಮುಂದಿನ ವರ್ಷದ್ದು ದೇವರೇ ಬಲ್ಲ. ಇಂಥವನು ತರಗತಿಯಲ್ಲಿ ಭೂಮಿಯ ಪ್ರಶ್ನೆ, ಜಾತಿಯ ಪ್ರಶ್ನೆ ಎತ್ತುವ ಮೊದಲು ಮನೆಯ ಬಾಡಿಗೆಯನ್ನು ನೆನೆಯುತ್ತಾನೆ. ಅವನ ಭಾಷಣ ರದ್ದಾಯಿತೆಂದು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ, ಏಕೆಂದರೆ ಅದು ಗಂಟಲಲ್ಲಿಯೇ ರದ್ದಾಗಿರುತ್ತದೆ. ಗಿರಣಿಯ ಬಾಗಿಲಲ್ಲಿ ಕೂಲಿ ಹೆಚ್ಚಿಸಿರೆಂದು ಕೇಳಿದವನಿಗೆ ನಾಳೆಯಿಂದ ಬರಬೇಡ ಎನ್ನುವುದೂ ಇದೂ ಒಂದೇ ಕುಲುಮೆಯಲ್ಲಿ ಕಾದ ಕಬ್ಬಿಣ. ವಿದ್ಯಾರ್ಥಿಗಳಿಗಾದರೂ ದನಿ ಇದೆಯೇ ಎಂದರೆ, ಕಾಲೇಜು ಸಂಘಗಳ ನೇರ ಚುನಾವಣೆಯನ್ನು ಈ ರಾಜ್ಯದಲ್ಲಿ ಮೂರು ದಶಕಕ್ಕೂ ಹಿಂದೆಯೇ, ಹೊಡೆದಾಟದ ನೆಪ ಹೇಳಿ ನಿಲ್ಲಿಸಿದರು. ವಿಧಾನಸಭೆಯ ಚುನಾವಣೆಯಲ್ಲಿ ಹೊಡೆದಾಟ ಆಗುವುದಿಲ್ಲವೇ? ಅದನ್ನೇಕೆ ನಿಲ್ಲಿಸಲಿಲ್ಲ?

ಸರಕಾರಿ ಪದವಿ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಶಾಸಕರು ಮುಂದಿನ ಸಲ ಬಜಾರಿನಲ್ಲಿ ಕೈ ಮುಗಿಯುತ್ತ ಬಂದಾಗ ಗಿರಣಿಯವರೂ ಅಂಗಡಿಯವರೂ ಅವರನ್ನು ನಿಲ್ಲಿಸಿ ಕೇಳಿರಿ: ಕಾಲೇಜಿನ ಸಭಾಂಗಣವನ್ನು ನಿಮ್ಮ ಪಕ್ಷದವರಿಗೆ ಕೊಡುವ ಹಾಗೆ ನಿಮ್ಮನ್ನು ಬೈಯುವವರಿಗೂ ಕೊಡಿಸುತ್ತೀರಾ? ಅತಿಥಿ ಉಪನ್ಯಾಸಕರ ಕೆಲಸ ಖಾಯಂ ಆಗುವುದು ಯಾವಾಗ? ಹುಡುಗ ಹುಡುಗಿಯರಿಗೆ ಮತಪೆಟ್ಟಿಗೆ ಮರಳಿ ಬರುವುದು ಯಾವ ವರ್ಷ?