ಅಗ್ಗದ ವಿದ್ಯುತ್ ಸ್ಕೂಟರನ್ನು ಕೊಳ್ಳಬಹುದೆ?

ಗುಂಡ್ಲುಪೇಟೆಯ ಸೋದರಿಯೊಬ್ಬರು, 50,000 ರೂಪಾಯಿಗೆ ದೊರೆಯುವ ವಿದ್ಯುತ್ ಸ್ಕೂಟರನ್ನು ಕೊಳ್ಳುವುದು ಉಚಿತವೆ ಎಂದು ನಮ್ಮನ್ನು ಕೇಳಿರುವರು. ಅವರು ಹೊಲಿಗೆಯ ಕೆಲಸಕ್ಕಾಗಿ ದಿನಕ್ಕೆ 10 ಕಿಲೋಮೀಟರು ಓಡಾಡುವರು. ಕೂಡಿಟ್ಟ ಹಣವೆಲ್ಲವೂ ಇದಕ್ಕೇ ಸಲ್ಲುವುದಂತೆ. ಆದುದರಿಂದ ಪ್ರಶ್ನೆಯನ್ನು ಲಘುವಾಗಿ ಎಣಿಸಲಾಗದು.

ಮೋಟಾರಿನ ಶಕ್ತಿಯು 250 ವಾಟಿಗೂ ವೇಗವು ಗಂಟೆಗೆ 25 ಕಿಲೋಮೀಟರಿಗೂ ಒಳಪಟ್ಟು, ಬ್ಯಾಟರಿಯನ್ನು ಬಿಟ್ಟು ತೂಕವು 60 ಕಿಲೋಗ್ರಾಮನ್ನು ಮೀರದಂತೆ ಮಂಜೂರಾದ ಗಾಡಿಗೆ ನೋಂದಣಿಯೂ ಲೈಸೆನ್ಸೂ ಬೇಕಿಲ್ಲ. ಹಾಗೆಂದ ಮಾತ್ರಕ್ಕೆ ಏಳನೆಯ ತರಗತಿಯ ಹುಡುಗನ ಕೈಗೆ ಕೊಡಬಹುದೆಂದು ಅರ್ಥವಲ್ಲ. ಇದನ್ನು ಹೇಳಬೇಕಾಗಿ ಬಂದಿರುವುದೇ ವಿಷಾದ. ವೇಗವನ್ನು ಹೆಚ್ಚಿಸಿಕೊಡುವೆವೆಂದು ಅಂಗಡಿಯವರು ಆಸೆ ತೋರಿದರೆ ಒಪ್ಪಕೂಡದು. ಮಿತಿ ಮೀರಿದೊಡನೆ ಅದು ಮೋಟಾರು ವಾಹನವೇ ಆಗುವುದು. ನೋಂದಣಿ, ವಿಮೆಗಳಿಲ್ಲದ ತಪ್ಪು ಓಡಿಸಿದವರ ತಲೆಗೆ ಬರುವುದು.

ಇನ್ನು ಖರ್ಚು. 48 ವೋಲ್ಟಿನ, 24 ಆಂಪಿಯರ್-ಗಂಟೆಯ ಬ್ಯಾಟರಿಯು ಸುಮಾರು 1.15 ಯೂನಿಟ್ ಹಿಡಿಯುವುದು. ತುಂಬುವಾಗಿನ ನಷ್ಟವನ್ನು ಸೇರಿಸಿದರೂ ಒಂದೂವರೆ ಯೂನಿಟ್ಟನ್ನು ದಾಟದು; ಹತ್ತು ರೂಪಾಯಿಗಳ ಮಾತು. ಅಷ್ಟರಲ್ಲಿ ಸುಮಾರು 40 ಕಿಲೋಮೀಟರು ಹೋಗಬಹುದು. ಪೆಟ್ರೋಲಿನ ಸ್ಕೂಟರಿಗಾದರೆ ಅದೇ ದೂರಕ್ಕೆ ತೊಂಬತ್ತು ರೂಪಾಯಿಗೆ ಕಡಿಮೆಯಾಗದು. ಈ ಸೋದರಿಯ ಓಡಾಟಕ್ಕೆ ತಿಂಗಳಲ್ಲಿ 500 ರೂಪಾಯಿ ಉಳಿಯಬಹುದು. ಗೃಹಜ್ಯೋತಿಯ ಫಲಾನುಭವಿಗಳು ಮಾತ್ರ ಒಂದನ್ನು ನೆನೆಯತಕ್ಕುದು: ತಿಂಗಳಿಗೆ ಒಂಬತ್ತು ಹತ್ತು ಯೂನಿಟ್ ಹೆಚ್ಚಾಗಿ ತಮ್ಮ ಮಿತಿ ದಾಟಿದರೆ ಹೆಚ್ಚಿನದಕ್ಕೆ ಹಣ ಕಟ್ಟಬೇಕು, ಒಟ್ಟು ಬಳಕೆ 200 ಯೂನಿಟ್ ಮೀರಿದರೆ ಬಿಲ್ಲು ಪೂರ್ತಿಯಾಗಿಯೇ ಬರುವುದು.

ಆದರೆ ಅಗ್ಗದ ಗಾಡಿಯ ನಿಜವಾದ ಬೆಲೆ ಅಡಗಿರುವುದು ಬ್ಯಾಟರಿಯಲ್ಲಿ. ಅಗುಳೊಂದನ್ನು ಹಿಸುಕಿ ಅನ್ನದ ಪಾಕವನ್ನು ತಿಳಿಯುವ ಸ್ಥಾಲೀಪುಲಾಕನ್ಯಾಯವು ಇಲ್ಲಿ ಸಲ್ಲದು. ಅಂಗಡಿಯ ಮುಂದೆ ಒಂದು ಸುತ್ತು ಓಡಿಸಿದರೆ ಹೊಸ ಬ್ಯಾಟರಿಗಳೆಲ್ಲವೂ ಚೆನ್ನಾಗಿಯೇ ಕಾಣುವುವು. ಸೀಸದ ಬ್ಯಾಟರಿಯು ಭಾರವಾದದ್ದು. ಬೆಲೆ ಕಡಿಮೆ, ಆಯುಸ್ಸೂ ಕಡಿಮೆ. ಎರಡು ವರ್ಷದಲ್ಲಿ ಅದನ್ನು ಬದಲಾಯಿಸಬೇಕಾಗಿ ಬಂದರೆ, ಅಲ್ಲಿಯವರೆಗೆ ಉಳಿದ 12,000 ರೂಪಾಯಿಯೂ ಅದಕ್ಕೇ ಮುಗಿದೀತು. ಲಿಥಿಯಂ ಬ್ಯಾಟರಿಯು ಹಗುರ, ಬಾಳಿಕೆಯೂ ಹೆಚ್ಚು, ಬೆಲೆಯೂ ಹೆಚ್ಚು. ಯಾವ ಜಾತಿಯದು, ಎಷ್ಟು ವರ್ಷದ ಖಾತರಿ, ಹೊಸದಕ್ಕೆ ಎಷ್ಟು ಹಣ ಎಂಬ ಮೂರನ್ನೂ ರಸೀತಿಯಲ್ಲಿ ಬರೆಯಿಸಿಕೊಳ್ಳಬೇಕು. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಮನೆಗೆ ಮರಳುವುದೇ ಲೇಸು.

ಊರೊಳಗಿನ ಕೆಲಸಕ್ಕೆ, ರಿಪೇರಿಯು ಗುಂಡ್ಲುಪೇಟೆಯಲ್ಲಿಯೇ ಆಗುವಂತಿದ್ದರೆ, ಲಿಥಿಯಂ ಗಾಡಿಯನ್ನು ಕೊಳ್ಳಬಹುದೆಂದು ನಮ್ಮ ಅಭಿಪ್ರಾಯ. ಬ್ಯಾಟರಿಗೆಂದು ತಿಂಗಳಿಗಿಷ್ಟು ಬೇರೆ ತೆಗೆದಿಡಬೇಕು. ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಇದರಲ್ಲಿ ಹೋಗುವೆನೆಂಬ ಆಸೆ ಮಾತ್ರ ಬೇಡ. ಹೋಗಿ ಬರುವಷ್ಟರಲ್ಲಿ 70 ಕಿಲೋಮೀಟರು. ಬ್ಯಾಟರಿಯು ನಡುದಾರಿಯಲ್ಲಿಯೇ ಕೈಕೊಡುವುದು. ಹೆಂಗಸರಿಗೆ 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲದಿರುವಾಗ ಆ ಕಷ್ಟವೇಕೆ?

ಗಾಡಿಯನ್ನು ಮಲಗುವ ಕೋಣೆಯಲ್ಲಿಯಾಗಲಿ ಬಾಗಿಲಿಗೆ ಅಡ್ಡವಾಗಿಯಾಗಲಿ ಚಾರ್ಜಿಗೆ ಇಡಬಾರದು. 2022ರ ಮಾರ್ಚಿಯಲ್ಲಿ ತಮಿಳುನಾಡಿನ ವೇಲೂರಿನಲ್ಲಿ, ರಾತ್ರಿ ಚಾರ್ಜಿಗಿಟ್ಟಿದ್ದ ಸ್ಕೂಟರಿಗೆ ಬೆಂಕಿ ತಗುಲಿ, ಹೊಗೆಯಿಂದ ಉಸಿರುಕಟ್ಟಿ ತಂದೆಯೂ ಮಗಳೂ ಮೃತರಾದರು. ಹಗಲಿನಲ್ಲಿ, ಗಾಳಿಯಾಡುವ ಜಗುಲಿಯಲ್ಲಿ, ಗಾಡಿಯೊಡನೆ ಬಂದ ಚಾರ್ಜರಿನಿಂದಲೇ ತುಂಬಿಸತಕ್ಕುದು. ಬಿಸಿಲಿನಲ್ಲಿ ಓಡಿಸಿ ತಂದೊಡನೆ ತಂತಿ ಸಿಕ್ಕಿಸದೆ, ಬ್ಯಾಟರಿಯು ಆರುವವರೆಗೆ ಕಾಯಬೇಕು.