ಮೀನು ಮಾರುಕಟ್ಟೆಯ ಬಯಲಿನಿಂದ ಮಾತುಕತೆಯ ಮೇಜಿನವರೆಗೆ

ಪಶ್ಚಿಮ ಆಫ್ರಿಕಾದ ಕಡಲ ತೀರದಲ್ಲಿ ಲೈಬೀರಿಯಾ, ಸಿಯೆರಾ ಲಿಯೋನ್ ಮತ್ತು ಗಿನಿ ಎಂಬ ಮೂರು ನೆರೆಯ ದೇಶಗಳಿವೆ. ಅಲ್ಲಿ ಹರಿಯುವ ಮಾನೋ ನದಿಯ ಹೆಸರಿನಲ್ಲಿ 1973ರಲ್ಲಿ ಒಂದು ಆರ್ಥಿಕ ಒಕ್ಕೂಟ ಹುಟ್ಟಿತು. ಆದರೆ 1990ರ ದಶಕದಲ್ಲಿ ಆ ಗಡಿಗಳನ್ನು ದಾಟಿದ್ದು ವ್ಯಾಪಾರಕ್ಕಿಂತ ಹೆಚ್ಚಾಗಿ ಬಂದೂಕು, ವಜ್ರ ಮತ್ತು ನಿರಾಶ್ರಿತರು. ಇದೇ ಗಡಿಗಳನ್ನು ಶಾಂತಿಗಾಗಿ ದಾಟಿದ ಮಹಿಳೆಯರ ಕಥೆ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಅವರ ಗೆಲುವು ಮತ್ತು ಆ ಬಳಿಕ ಅವರಿಗೆ ಸಿಗದೆ ಹೋದದ್ದು, ಎರಡನ್ನೂ ನಾವು ಒಟ್ಟಿಗೆ ನೋಡಬೇಕಾಗಿದೆ.

ಯುದ್ಧದ ಹಿನ್ನೆಲೆ

ಲೈಬೀರಿಯಾದಲ್ಲಿ 1989ರ ಕೊನೆಯಲ್ಲಿ ಆರಂಭವಾದ ಅಂತರ್ಯುದ್ಧ ಎರಡು ಹಂತಗಳಲ್ಲಿ 2003ರವರೆಗೆ ನಡೆಯಿತು. ಸುಮಾರು ಎರಡೂವರೆ ಲಕ್ಷ ಜನ ಸತ್ತರು ಎಂಬುದು ಸಾಮಾನ್ಯ ಅಂದಾಜು. ಚಾರ್ಲ್ಸ್ ಟೇಲರ್ ಸಿಯೆರಾ ಲಿಯೋನ್‌ನ ಬಂಡುಕೋರರಿಗೆ ನೆರವಾದರು. ಟೇಲರ್ ವಿರುದ್ಧ ಎದ್ದವರಿಗೆ ಗಿನಿಯ ಬೆಂಬಲ ಸಿಕ್ಕಿತು. ಹೀಗೆ ಒಂದು ದೇಶದ ಬೆಂಕಿ ಇನ್ನೊಂದರ ಮನೆಗೆ ಹತ್ತಿಕೊಂಡಿತು. ಮಕ್ಕಳ ಕೈಗೂ ಬಂದೂಕು ಕೊಡಲಾಯಿತು.

ಧರ್ಮಸಭೆಯೂ ಈ ನೋವಿನಿಂದ ಹೊರಗುಳಿಯಲಿಲ್ಲ. 1990ರ ಜುಲೈಯಲ್ಲಿ ರಾಜಧಾನಿ ಮನ್ರೋವಿಯಾದ ಸಂತ ಪೇತ್ರರ ಲುಥೆರನ್ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ನೂರಾರು ಜನರನ್ನು ಸೈನಿಕರು ಕೊಂದರು. 1992ರ ಅಕ್ಟೋಬರ್‌ನಲ್ಲಿ ಮನ್ರೋವಿಯಾದ ಬಳಿ ಐವರು ಅಮೆರಿಕನ್ ಕಥೋಲಿಕ ಧರ್ಮಭಗಿನಿಯರು ಹತರಾದರು. ಅಲ್ಲಿನ ಮಹಾಧರ್ಮಾಧ್ಯಕ್ಷ ಮೈಕೆಲ್ ಫ್ರಾನ್ಸಿಸ್ ಅಧಿಕಾರದಲ್ಲಿದ್ದವರ ಅನ್ಯಾಯವನ್ನು ಬಹಿರಂಗವಾಗಿ ಟೀಕಿಸುತ್ತಾ ಬಂದರು. ಅವರ ಕಾಲದಲ್ಲಿ, 1991ರಲ್ಲಿ, ಕಥೋಲಿಕ ನ್ಯಾಯ ಮತ್ತು ಶಾಂತಿ ಆಯೋಗ ಆರಂಭವಾಯಿತು. ಮಹಾಧರ್ಮಕ್ಷೇತ್ರದ ಆಕಾಶವಾಣಿ ಕೇಂದ್ರವಾದ ರೇಡಿಯೊ ವೆರಿತಾಸನ್ನು ಸರ್ಕಾರ 2000ದಲ್ಲಿ ಕೆಲಕಾಲ ಮುಚ್ಚಿಸಿತ್ತು ಎಂದರೆ ಅದು ಎಷ್ಟು ಸತ್ಯ ಹೇಳುತ್ತಿತ್ತು ಎಂಬುದನ್ನು ಊಹಿಸಬಹುದು.

ಎರಡು ಜಾಲಗಳು, ಒಂದೇ ಗುರಿ

2000ದಲ್ಲಿ ಮೂರೂ ದೇಶಗಳ ಮಹಿಳೆಯರು ಸೇರಿ ಮಾನೋ ನದಿ ಮಹಿಳಾ ಶಾಂತಿ ಜಾಲವನ್ನು ಕಟ್ಟಿದರು. ಶಿಕ್ಷಕಿಯರು, ವಕೀಲೆಯರು, ಉದ್ಯಮಿಗಳು, ಸಾರ್ವಜನಿಕ ಜೀವನದಲ್ಲಿ ಪರಿಚಿತರಾದವರು ಅದರಲ್ಲಿದ್ದರು. ಮೂರು ದೇಶಗಳ ಅಧ್ಯಕ್ಷರು ಪರಸ್ಪರ ಮುಖ ನೋಡದಿದ್ದ 2001ರಲ್ಲಿ ಈ ಮಹಿಳೆಯರು ಒಬ್ಬೊಬ್ಬರ ಬಳಿಗೂ ಹೋಗಿ ಮಾತುಕತೆಗೆ ಒತ್ತಾಯಿಸಿದರು. ನೀವಿಬ್ಬರೂ ಒಂದು ಕೋಣೆಯಲ್ಲಿ ಕೂತು ಮಾತನಾಡಬೇಕು, ರಾಜಿಯಾಗುವವರೆಗೆ ಬೀಗ ಹಾಕಿ ಕೀಲಿಕೈ ನಾನೇ ಇಟ್ಟುಕೊಳ್ಳುತ್ತೇನೆ ಎಂಬರ್ಥದ ಮಾತನ್ನು ಲೈಬೀರಿಯಾದ ಹಿರಿಯ ಶಿಕ್ಷಕಿ ಮೇರಿ ಬ್ರೌನೆಲ್ ಗಿನಿಯ ಅಧ್ಯಕ್ಷ ಲಾನ್ಸಾನಾ ಕೊಂಟೆ ಅವರಿಗೆ ಹೇಳಿದ್ದು ಪ್ರಸಿದ್ಧ. ಕೊಂಟೆ ನಕ್ಕರು, ಒಪ್ಪಿದರು. 2002ರ ಫೆಬ್ರವರಿಯಲ್ಲಿ ಮೂವರು ಅಧ್ಯಕ್ಷರು ಮೊರಾಕ್ಕೊದ ರಬಾತ್ ನಗರದಲ್ಲಿ ಭೇಟಿಯಾದರು. ಮರುವರ್ಷ ಈ ಜಾಲಕ್ಕೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಪ್ರಶಸ್ತಿ ದೊರೆಯಿತು.

ಇನ್ನೊಂದು ಜಾಲ 2001ರಲ್ಲಿ ಘಾನಾದ ಅಕ್ರಾದಲ್ಲಿ, ಪಶ್ಚಿಮ ಆಫ್ರಿಕಾದ ಹಲವು ದೇಶಗಳ ಮಹಿಳೆಯರು ಕೂಡಿ ಆರಂಭಿಸಿದ 'ವಿಪ್‌ನೆಟ್'. ಇದರ ಲೈಬೀರಿಯಾ ಶಾಖೆಯನ್ನು ಮುನ್ನಡೆಸಿದವರು ಲುಥೆರನ್ ಸಭೆಯ ಲೇಮಾ ಬೋವಿ. ಇಲ್ಲಿದ್ದವರು ಸಂತೆಯ ಹೆಂಗಸರು, ನಿರಾಶ್ರಿತ ಶಿಬಿರದ ತಾಯಂದಿರು, ಚರ್ಚು ಮಸೀದಿಗಳ ಸಾಮಾನ್ಯ ಮಹಿಳೆಯರು. ಮುಸ್ಲಿಂ ಪೊಲೀಸ್ ಅಧಿಕಾರಿ ಅಸಾಟು ಬಾ ಕೆನೆತ್ ತಮ್ಮ ಸಮುದಾಯದ ಮಹಿಳೆಯರನ್ನು ಕರೆತಂದರು. ಕ್ರೈಸ್ತರೂ ಮುಸ್ಲಿಮರೂ ಒಂದೇ ಸಾಲಿನಲ್ಲಿ ಕುಳಿತರು. ರೇಡಿಯೊ ವೆರಿತಾಸ್ ಅವರ ಕರೆಯನ್ನು ಮನೆಮನೆಗೆ ತಲುಪಿಸಿತು.

2003ರ ಏಪ್ರಿಲ್‌ನಿಂದ ಅವರು ಬಿಳಿ ಅಂಗಿ ತೊಟ್ಟು ಮನ್ರೋವಿಯಾದ ಮೀನು ಮಾರುಕಟ್ಟೆಯ ಬಯಲಿನಲ್ಲಿ ದಿನವೂ ಕುಳಿತರು. ಅಧ್ಯಕ್ಷರ ವಾಹನ ಹಾದುಹೋಗುವ ರಸ್ತೆ ಅದು. ಬಿಸಿಲಿರಲಿ ಮಳೆಯಿರಲಿ ಪ್ರಾರ್ಥನೆ, ಹಾಡು, ಉಪವಾಸ. ಕೊನೆಗೆ ಟೇಲರ್ ಅವರನ್ನು ಕರೆದು ಮನವಿ ಕೇಳಿದರು, ಮಾತುಕತೆಗೆ ಒಪ್ಪಿದರು. ಬಂಡುಕೋರರ ನಾಯಕರನ್ನು ಒಪ್ಪಿಸಲು ಕೆಲವರು ಗಡಿ ದಾಟಿ ಸಿಯೆರಾ ಲಿಯೋನ್‌ನ ಫ್ರೀಟೌನ್‌ಗೆ ಹೋದರು. ಲೂಕನ ಶುಭಸಂದೇಶದಲ್ಲಿ ನ್ಯಾಯಾಧಿಪತಿಯ ಬಾಗಿಲು ಬಿಡದೆ ತಟ್ಟಿದ ವಿಧವೆ ನಮಗೆ ಇಲ್ಲಿ ನೆನಪಾಗುತ್ತಾಳೆ. ಈ ಮಹಿಳೆಯರು ಗಂಡಂದಿರ ಸಂಗ ಬಿಟ್ಟು ಮುಷ್ಕರ ಹೂಡಿದ ಸುದ್ದಿಯನ್ನೇ ಪತ್ರಿಕೆಗಳು ದೊಡ್ಡದು ಮಾಡಿದವು. ಆದರೆ ಯುದ್ಧ ನಿಲ್ಲಿಸಲು ನೆರವಾದದ್ದು ದಿನದಿನವೂ ತಪ್ಪದೆ ಬಂದು ಕೂತ ಹಟ.

ಜೂನ್‌ನಲ್ಲಿ ಅಕ್ರಾದಲ್ಲಿ ಮಾತುಕತೆ ಶುರುವಾಯಿತು. ವಾರಗಳು ಉರುಳಿದರೂ ನಾಯಕರು ಹುದ್ದೆ ಹಂಚಿಕೆಯ ಲೆಕ್ಕದಲ್ಲೇ ಮುಳುಗಿದ್ದರು. ಇತ್ತ ಮನ್ರೋವಿಯಾದಲ್ಲಿ ಶೆಲ್ ಬೀಳುತ್ತಿತ್ತು. ಜುಲೈಯಲ್ಲಿ ಲೇಮಾ ಬೋವಿ ಮತ್ತು ಸಂಗಡಿಗರು, ಘಾನಾದ ಶಿಬಿರದಲ್ಲಿದ್ದ ಲೈಬೀರಿಯಾದ ನಿರಾಶ್ರಿತ ಮಹಿಳೆಯರನ್ನೂ ಸೇರಿಸಿಕೊಂಡು, ಸಭಾಂಗಣದ ಬಾಗಿಲಿಗೆ ಅಡ್ಡ ಕುಳಿತರು. ಒಪ್ಪಂದವಾಗದೆ ಯಾರೂ ಹೊರಗೆ ಹೋಗುವಂತಿಲ್ಲ ಎಂದರು. ಸಂಧಾನಕಾರ, ನೈಜೀರಿಯಾದ ಮಾಜಿ ರಾಷ್ಟ್ರನಾಯಕ ಅಬ್ದುಲ್‌ಸಲಾಮಿ ಅಬೂಬಕರ್ ಬಂದು ಅವರೊಂದಿಗೆ ಮಾತನಾಡಬೇಕಾಯಿತು. ಆ ದಿನದ ನಂತರ ಮಾತುಕತೆಯ ಧಾಟಿ ಬದಲಾಯಿತು. ಆಗಸ್ಟ್ 11ರಂದು ಟೇಲರ್ ಅಧಿಕಾರ ಬಿಟ್ಟು ನೈಜೀರಿಯಾಕ್ಕೆ ತೆರಳಿದರು. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು. ಮಾನೋ ನದಿ ಜಾಲದ ಪ್ರತಿನಿಧಿಯೂ ಸಾಕ್ಷಿಯಾಗಿ ಅದಕ್ಕೆ ಸಹಿ ಹಾಕಿದರು.

ಒಳಗೆ ಕುಳಿತವರು ಮತ್ತು ಹೊರಗೆ ಕುಳಿತವರು, ಇಬ್ಬರೂ ಬೇಕಾಗಿತ್ತು ಎಂಬುದು ಇಲ್ಲಿ ಗಮನಾರ್ಹ. ಹೊರಗಿನವರ ಒತ್ತಡವಿಲ್ಲದಿದ್ದರೆ ಒಳಗಿನ ಮಾತಿಗೆ ತೂಕ ಬರುತ್ತಿರಲಿಲ್ಲ. ಒಳಗೆ ಯಾರೂ ಇಲ್ಲದಿದ್ದರೆ ಹೊರಗಿನವರ ಬೇಡಿಕೆ ಕಾಗದಕ್ಕೆ ಇಳಿಯುತ್ತಿರಲಿಲ್ಲ.

ಮತಪೆಟ್ಟಿಗೆಯವರೆಗೆ

ಮಹಿಳೆಯರು ಒಪ್ಪಂದದೊಂದಿಗೆ ಮನೆಗೆ ಮರಳಲಿಲ್ಲ. 2005ರ ಚುನಾವಣೆಗೆ ಮತದಾರರ ನೋಂದಣಿ ನಡೆದಾಗ ಸಂತೆಯ ಹೆಂಗಸರು ಬರುತ್ತಿರಲಿಲ್ಲ. ಅಂಗಡಿ ಬಿಟ್ಟರೆ ಆ ದಿನದ ಊಟ ಹೋಯಿತು, ಕಂಕುಳಲ್ಲಿ ಮಗು ಬೇರೆ. ಆಗ ಜಾಲದ ಕಾರ್ಯಕರ್ತೆಯರು, ನೀವು ಹೋಗಿ ಹೆಸರು ಬರೆಸಿ ಬನ್ನಿ, ಅಂಗಡಿಯನ್ನೂ ಮಗುವನ್ನೂ ನಾವು ನೋಡಿಕೊಳ್ಳುತ್ತೇವೆ ಎಂದರು. ನೋಂದಾಯಿತ ಮತದಾರರಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರೇ ಆದರು. ಆ ವರ್ಷದ ನವೆಂಬರ್‌ನಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದು, ಆಫ್ರಿಕಾದಲ್ಲಿ ಚುನಾಯಿತರಾದ ಮೊದಲ ಮಹಿಳಾ ಅಧ್ಯಕ್ಷರಾದರು. 2011ರಲ್ಲಿ ಅವರಿಗೂ ಲೇಮಾ ಬೋವಿಗೂ ಯೆಮನ್‌ನ ತವಕ್ಕುಲ್ ಕರ್ಮಾನ್ ಅವರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೆಯಾಯಿತು.

ಈ ಅಧ್ಯಾಯದಲ್ಲಿ ಭಾರತದ ಪಾಲೂ ಇದೆ. 2007ರ ಜನವರಿಯಲ್ಲಿ ನಮ್ಮ ಕೇಂದ್ರ ಮೀಸಲು ಪೊಲೀಸ್ ಪಡೆಯ ಮಹಿಳೆಯರ ತಂಡವೊಂದು ವಿಶ್ವಸಂಸ್ಥೆಯ ಕರೆಯಂತೆ ಲೈಬೀರಿಯಾಕ್ಕೆ ಹೋಯಿತು. ವಿಶ್ವಸಂಸ್ಥೆಯ ಶಾಂತಿಪಾಲನೆಯ ಇತಿಹಾಸದಲ್ಲಿ ಇಂಥ ಮಹಿಳೆಯರದೇ ಪೊಲೀಸ್ ತುಕಡಿ ಅದೇ ಮೊದಲು. ತಂಡಗಳು ಬದಲಾಗುತ್ತಾ 2016ರ ಫೆಬ್ರವರಿಯವರೆಗೆ ಅಲ್ಲಿ ಗಸ್ತು ತಿರುಗಿದವು. ಅವರನ್ನು ಕಂಡು ಲೈಬೀರಿಯಾದ ಯುವತಿಯರು ಪೊಲೀಸ್ ಸೇವೆಗೆ ಮುಂದೆ ಬಂದರು.

ಕುರ್ಚಿಗಳ ಪ್ರಶ್ನೆ

ಇಷ್ಟಾದ ಮೇಲೂ ಲೈಬೀರಿಯಾದ ಸಂಸತ್ತಿನಲ್ಲಿ ಮಹಿಳೆಯರ ಪಾಲು ಹತ್ತರಲ್ಲಿ ಒಂದರ ಆಸುಪಾಸಿನಲ್ಲೇ ನಿಂತಿದೆ. ಪಕ್ಷಗಳು ತಮ್ಮ ಅಭ್ಯರ್ಥಿಗಳಲ್ಲಿ ಶೇಕಡಾ 30ರಷ್ಟು ಮಹಿಳೆಯರಿರುವಂತೆ 'ಪ್ರಯತ್ನಿಸಬೇಕು' ಎಂದು 2014ರ ಚುನಾವಣಾ ಕಾನೂನು ಹೇಳಿತು. ಆದರೆ 2023ರ ಚುನಾವಣೆಯಲ್ಲಿ ಕಣಕ್ಕಿಳಿದ ಮಹಿಳೆಯರು ಸುಮಾರು ಶೇಕಡಾ 15 ಮಾತ್ರ. ಪ್ರಯತ್ನಿಸಬೇಕು ಎಂಬ ಮಾತಿನ ಬೆಲೆ ಅಷ್ಟೇ.

ನೆರೆಯ ಸಿಯೆರಾ ಲಿಯೋನ್ ಬೇರೆ ದಾರಿ ಹಿಡಿಯಿತು. 2023ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು, ಪಕ್ಷಗಳು ನಿಲ್ಲಿಸುವ ಪ್ರತಿ ಮೂವರಲ್ಲಿ ಒಬ್ಬರು ಮಹಿಳೆಯಾಗಿರಬೇಕು ಎಂದು ವಿಧಿಸಿತು. ಅದೇ ವರ್ಷದ ಚುನಾವಣೆಯ ನಂತರ ಅಲ್ಲಿನ ಸಂಸತ್ತಿನಲ್ಲಿ ಮಹಿಳೆಯರು ಕಾಲುಭಾಗಕ್ಕೂ ಹೆಚ್ಚಾದರು. ಒಂದೇ ಜಾಲ, ಒಂದೇ ಯುದ್ಧದ ಗಾಯ ಇರುವ ಎರಡು ದೇಶಗಳಲ್ಲಿ ಫಲ ಬೇರೆಯಾದದ್ದು ಮಹಿಳೆಯರ ಯೋಗ್ಯತೆಯ ಅಂತರದಿಂದಲ್ಲ, ನಿಯಮದ ಅಂತರದಿಂದ.

ನಮಗಿರುವ ಪಾಠ

ಮಹಿಳೆಯರು ಸಾರ್ವಜನಿಕ ಜೀವನದಲ್ಲಿ ಪಾಲು ಪಡೆಯುತ್ತಿರುವುದನ್ನು ಜಗದ್ಗುರು ಇಪ್ಪತ್ತಮೂರನೆಯ ಜಾನ್ 1963ರಲ್ಲೇ, ಶಾಂತಿಯ ಕುರಿತ ತಮ್ಮ ವಿಶ್ವಪತ್ರದಲ್ಲಿ ಕಾಲದ ಲಕ್ಷಣಗಳಲ್ಲಿ ಒಂದಾಗಿ ಗುರುತಿಸಿದ್ದರು. ಎರಡನೆಯ ಜಾನ್ ಪಾಲ್ 1995ರ ವಿಶ್ವ ಶಾಂತಿ ದಿನದ ಸಂದೇಶದಲ್ಲಿ ಮಹಿಳೆಯರನ್ನು ಶಾಂತಿಯ ಶಿಕ್ಷಕಿಯರೆಂದು ಕರೆದರು. 2023ರ ರೋಮ್ ಸಿನೊಡ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರು ಮತ ಹಾಕಿದರು. ಬೋಧನೆಯಲ್ಲಿ ನಮಗೆ ಕೊರತೆಯಿಲ್ಲ.

ಆದರೆ ಧರ್ಮಕೇಂದ್ರಗಳ ಮಟ್ಟದಲ್ಲಿ ಲೈಬೀರಿಯಾದ ಕಥೆ ನಮ್ಮನ್ನು ಎರಡು ಪ್ರಶ್ನೆ ಕೇಳುತ್ತದೆ. ಸಭೆಗೆ ಬನ್ನಿ ಎಂದು ನಾವು ಮಹಿಳೆಯರನ್ನು ಕರೆಯುತ್ತೇವೆ. ಅವರ ಅಂಗಡಿ, ಅಡುಗೆಮನೆ, ಮಗುವನ್ನು ಆ ಹೊತ್ತಿನಲ್ಲಿ ಯಾರು ನೋಡಿಕೊಳ್ಳುತ್ತಾರೆಂದು ಯೋಚಿಸಿ ಸಭೆಯ ಸಮಯ ಗೊತ್ತುಮಾಡುತ್ತೇವೆಯೇ? ಎರಡನೆಯದು, ಜಪಸರಕ್ಕೆ, ಹಬ್ಬದ ಸಿದ್ಧತೆಗೆ, ದೇಣಿಗೆ ಸಂಗ್ರಹಕ್ಕೆ ನಾವು ನಂಬುವ ಕೈಗಳನ್ನು ಲೆಕ್ಕಪತ್ರ ನೋಡುವಾಗಲೂ ತೀರ್ಮಾನ ಬರೆಯುವಾಗಲೂ ನಂಬುತ್ತೇವೆಯೇ, ಅಥವಾ ಅಲ್ಲಿ 'ಪ್ರಯತ್ನಿಸುತ್ತೇವೆ' ಎಂದು ಹೇಳಿ ಮುಗಿಸುತ್ತೇವೆಯೇ?

ಮನ್ರೋವಿಯಾದ ಬಯಲಿನಲ್ಲಿ ಕುಳಿತವರಿಗೆ ಅಂದು ಚರ್ಚ್ ತನ್ನ ಸಭಾಂಗಣವನ್ನೂ ಧ್ವನಿವರ್ಧಕವನ್ನೂ ಕೊಟ್ಟಿತು. ಅದು ಸಣ್ಣ ಉಪಕಾರವಲ್ಲ. ಆದರೆ ಅವರು ಕೇಳಿದ್ದು ಮೇಜಿನ ಬಳಿ ಒಂದು ಜಾಗ. ಮುಂದಿನ ಪಾಲನಾ ಪರಿಷತ್ತಿನ ಸಭೆ ಕರೆಯುವ ಮುನ್ನ ನಮ್ಮ ಧರ್ಮಕೇಂದ್ರಗಳ ಗುರುಗಳೂ ಗುರಿಕಾರರೂ ಇದನ್ನು ಒಮ್ಮೆ ಆಲೋಚಿಸಲಿ ಎಂಬುದು ನಮ್ಮ ವಿನಂತಿ.