ಹಗ್ಗವೊಂದಕ್ಕೆ ತೂಗಿದ ಜೀವಗಳು

ಮಳೆಗಾಲ ಮುಗಿಯುತ್ತಿದ್ದಂತೆ ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಗಿಲಾವು, ಬಣ್ಣ, ಸೋರಿಕೆ ತಡೆಯುವ ಕೆಲಸಗಳು ಆರಂಭವಾಗುತ್ತವೆ. ನಮ್ಮ ಕಿಟಕಿಯ ಹೊರಗೆ, ಏಳನೆಯ ಮಹಡಿಯ ಎತ್ತರದಲ್ಲಿ, ಝೂಲಾ ಎಂದು ಕರೆಯಲ್ಪಡುವ ತೂಗು ಸಾರುವೆಯ ಮೇಲೆ ಇಬ್ಬರು ಕಾರ್ಮಿಕರು ನಿಂತಿರುತ್ತಾರೆ. ಬಣ್ಣ ಸಿಡಿಯದಿರಲೆಂದು ನಾವು ಕಿಟಕಿ ಮುಚ್ಚಿಕೊಳ್ಳುತ್ತೇವೆ. ಅವರನ್ನು ಹೊತ್ತ ಹಗ್ಗವನ್ನು ಎಲ್ಲಿ ಕಟ್ಟಲಾಗಿದೆಯೆಂದು ಕೇಳುವುದಿಲ್ಲ.

2023ರ ಸೆಪ್ಟೆಂಬರ್ 10ರಂದು ಠಾಣೆಯ ಬಾಳ್ಕುಂನಲ್ಲಿ ನಿರ್ಮಾಣ ಹಂತದ 40 ಅಂತಸ್ತಿನ ಕಟ್ಟಡದ ಲಿಫ್ಟ್ ಕುಸಿದು ಏಳು ಕಾರ್ಮಿಕರು ಮಡಿದರು. ಅದು ಝೂಲಾ ಅಲ್ಲ, ನಿಜ. ಆದರೆ ಎರಡರಲ್ಲಿಯೂ ಮನುಷ್ಯನ ಜೀವ ನಿಂತಿರುವುದು ತಂತಿಯ ಹಗ್ಗದ ಮೇಲೆ ಮತ್ತು ಅದನ್ನು ಪರೀಕ್ಷಿಸಬೇಕಾದವರ ಎಚ್ಚರದ ಮೇಲೆ.

ಝೂಲಾ ಬೀಳುವ ಕಾರಣಗಳು ನಿಗೂಢವೇನಲ್ಲ. ಸವೆದ ಹಗ್ಗ, ಶಿಥಿಲವಾದ ತಾರಸಿ ಗೋಡೆಗೆ ಸಿಕ್ಕಿಸಿದ ಕೊಂಡಿ, ಪ್ರತಿಭಾರಕ್ಕೆಂದು ಇಟ್ಟ ಮರಳು ಚೀಲ ಹರಿದು ಹಗುರಾಗುವುದು, ಮಿತಿಮೀರಿದ ಭಾರ. ಸುರಕ್ಷಾ ಪಟ್ಟಿ ಧರಿಸಿದರೂ ಅದನ್ನು ಝೂಲಾಕ್ಕೇ ಬಿಗಿದರೆ ಪ್ರಯೋಜನವಿಲ್ಲ. ಹಲಗೆಯೊಡನೆ ಆಳೂ ಬೀಳುತ್ತಾನೆ. ಪಟ್ಟಿಯನ್ನು ಬೇರೆಡೆ ಕಟ್ಟಿದ ಪ್ರತ್ಯೇಕ ಜೀವರಕ್ಷಕ ಹಗ್ಗಕ್ಕೆ ಜೋಡಿಸಬೇಕು.

ಕಾನೂನಿಗೆ ಕೊರತೆಯಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಸ್ಥಾನದಲ್ಲಿ, ಸಂಸತ್ತು 2020ರಲ್ಲಿ ಅಂಗೀಕರಿಸಿದ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ನಿರ್ಮಾಣ ವೆಚ್ಚದ ಕನಿಷ್ಠ ಶೇ. 1ರಷ್ಟು ಕರ ಕಾರ್ಮಿಕರ ಕಲ್ಯಾಣಕ್ಕೆ ಸಲ್ಲಬೇಕು. ಆದರೆ ಆ ಹಣ ಕಾರ್ಮಿಕರಿಗೆ ತಲುಪದಿರುವುದರ ಬಗ್ಗೆ ಸರ್ವೋಚ್ಚ ನ್ಯಾಯಾಲಯವೇ 2018ರಲ್ಲಿ ತೀವ್ರ ಅಸಮಾಧಾನ ವ್ಯಕ್ತಪಡಿಸಿತ್ತು. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ಇಂದು ಅಂಧೇರಿ, ನಾಳೆ ಪನ್ವೇಲ್ ಎಂದು ಅಲೆಯುವ ಕಾರ್ಮಿಕ ಆ ದಾಖಲೆಯನ್ನು ಎಲ್ಲಿಂದ ತಂದಾನು? ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ನಮ್ಮ ನಾಡಿನವರೂ ಅವರಲ್ಲಿದ್ದಾರೆ.

ಸರಕಾರವನ್ನು ದೂರುವ ಮುನ್ನ ನಮ್ಮ ಪಾಲನ್ನೂ ನೋಡಿಕೊಳ್ಳಬೇಕಾಗಿದೆ. ಹೌಸಿಂಗ್ ಸೊಸೈಟಿಗಳ ಸಮಿತಿಗಳಲ್ಲಿ ಕುಳಿತು ಅತಿ ಕಡಿಮೆ ದರದ ಟೆಂಡರಿಗೆ ಒಪ್ಪಿಗೆ ನೀಡುವವರು ನಾವೇ. ಆ ಉಳಿತಾಯ ಬಹುತೇಕ ಹಗ್ಗದಲ್ಲಿ, ಪಟ್ಟಿಯಲ್ಲಿ, ವಿಮೆಯಲ್ಲಿ ಆಗಿರುತ್ತದೆ. ಕೆಲಸ ಆರಂಭಿಸುವ ಮೊದಲು ಕಾರ್ಮಿಕರ ವಿಮಾ ಪತ್ರ ಕೇಳೋಣ. ತಾರಸಿಗೆ ಹೋಗಿ ಕೊಂಡಿಯನ್ನು ಅನುಭವಿ ಇಂಜಿನಿಯರರಿಂದ ಪರೀಕ್ಷಿಸಿಸೋಣ. ಗಾಳಿಮಳೆಯ ದಿನ ಕೆಲಸ ನಿಲ್ಲಿಸೋಣ. ದೀಪಾವಳಿಗೆ ಮನೆ ಹೊಳೆಯಲಿ. ಆದರೆ ಆ ಹೊಳಪಿಗೆ ಇನ್ನೊಂದು ಮನೆಯ ದೀಪ ಆರದಿರಲಿ.